ವೀಸಾ ಕನ್ಸಲ್ಟೆನ್ಸಿಗೆ 2 ಸ್ಟಾರ್, ಅದರಲ್ಲೊಂದು ಟೈಪಿಂಗ್ ಹುಡುಗಿಗೆ

ಮಗಳು ಮೆಚ್ಚಿದ ಹುಡುಗ ಅಮೆರಿಕದವನು, ಅಲ್ಲೇ ಹುಟ್ಟಿ ಬೆಳೆದವನು. ನಮಗೆ ಈ ವೀಸಾ ಗೀಸಾ ಏನೂ ಗೊತ್ತಿಲ್ಲ. ಯಾರೋ ಹೇಳಿದರು ಅಂತ ಧಾರವಾಡದಿಂದ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಯ ಒಂದು ಕನ್ಸಲ್ಟೆನ್ಸಿಗೆ ಹೋದೆವು. ಹೆಸರು ಬೇಡ ಬಿಡಿ.

ಎಸಿ ಇದೆ, ಚಹಾ ಚೆನ್ನಾಗಿದೆ. ಕೂತ ಐದೇ ನಿಮಿಷಕ್ಕೆ ಅಲ್ಲಿನ ಹುಡುಗ, "ಕೆ-1 ಹಾಕೂಣ್ರಿ ಆಂಟಿ, ಭಾಳ ಸಲೀಸು" ಅಂದ. ಕೆ-1 ಅಂದರೆ ನಿಶ್ಚಯವಾದವರ ವೀಸಾ. ಅಲ್ಲಿ ಹೋಗಿ 90 ದಿನದೊಳಗೆ ಮದುವೆಯಾಗಬೇಕು. ಆಮೇಲೆ ಗ್ರೀನ್ ಕಾರ್ಡಿಗೆ, ಅಂದರೆ ಅಲ್ಲೇ ಕಾಯಂ ಇರುವ ಪರವಾನಗಿಗೆ, ಮತ್ತೊಂದು ಅರ್ಜಿ, ಮತ್ತೊಂದು ಫೀ. ಈ ಕಡೇ ಮಾತು ಅವನ ಬಾಯಿಂದ ಬರಲೇ ಇಲ್ಲ. 45 ಸಾವಿರಕ್ಕೆ ಮಾತಾಯಿತು. 20 ಸಾವಿರ ಮುಂಗಡ ಕೊಟ್ಟೆ.

ಅರ್ಜಿ ಹಾಕುವ ಮುಂಚಿನ ಎರಡು ವರ್ಷದಲ್ಲಿ ಇಬ್ಬರೂ ಒಮ್ಮೆಯಾದರೂ ಎದುರಾಬದುರು ಭೇಟಿಯಾಗಿರಬೇಕಂತೆ, ಅದಕ್ಕೆ ಫೋಟೋ ಕೇಳಿದರು. ನಿಶ್ಚಯದ ಆಲ್ಬಮ್ ಒಯ್ದೆ. ನಮ್ಮ ಕಡೆ ನಿಶ್ಚಯ ಗೊತ್ತಲ್ವಾ? ಇಬ್ಬರ ಕೊರಳಲ್ಲೂ ಹಾರ, ತಲೆ ಮೇಲೆ ಅಕ್ಕಿಕಾಳು. "ಎಲ್ಲಾ ಹಾಕೂಣ್ರಿ" ಅಂದ ಹುಡುಗ. ಮೂಲೆಯಲ್ಲಿ ಟೈಪ್ ಮಾಡುತ್ತಿದ್ದ ಹುಡುಗಿ ಇಣುಕಿ ನೋಡಿ ಮೆಲ್ಲಗೆ ಅಂದಳು, "ಅಕ್ಕಾರ, ಇದು ಲಗ್ನದಂಗ ಕಾಣ್ತದಲ್ರಿ?"

ಅವಳು ಹೇಳಿದ್ದು ಖರೇ. ಕೆ-1 ಇರುವುದು ಮದುವೆ ಆಗದವರಿಗೆ. ಆಗಲೇ ಮದುವೆ ಆಗಿಹೋಗಿದೆ ಅಂತ ವೀಸಾ ಅಧಿಕಾರಿಗೆ ಅನ್ನಿಸಿದರೆ ಮುಗೀತು.

ರಾತ್ರಿಯೆಲ್ಲ ಫೋನಿನಲ್ಲಿ ಚರ್ಚೆ. ಕೊನೆಗೆ ಇಲ್ಲೇ ಮದುವೆ ಮಾಡಿ ಹೆಂಡತಿಯ ವೀಸಾ ಹಾಕೋದು ಅಂತಾಯಿತು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಇಬ್ಬರಲ್ಲೊಬ್ಬರು ಜಿಲ್ಲೆಯಲ್ಲಿ 30 ದಿನ ವಾಸ ಮಾಡಿರಬೇಕು. ಮಗಳು ಮನೆಯಲ್ಲೇ ಇದ್ದಳು, ಆ ಚಿಂತೆ ಇರಲಿಲ್ಲ. ನೋಟಿಸ್ ಕೊಟ್ಟು ಮತ್ತೆ 30 ದಿನ ಕಾದೆವು. ಮೂವರು ಸಾಕ್ಷಿಗಳಲ್ಲಿ ನನ್ನ ತಮ್ಮನೂ ಒಬ್ಬ. ಅಳಿಯ ಅಮೆರಿಕಕ್ಕೆ ವಾಪಸ್ ಹೋಗಿ, ಹೆಂಡತಿಯನ್ನು ಕರೆಸಿಕೊಳ್ಳಲು ಮೊದಲು ಹಾಕುವ ಐ-130 ಅರ್ಜಿಯನ್ನು ಆನ್‌ಲೈನಿನಲ್ಲಿ ತಾನೇ ತುಂಬಿದ. ಫೀ 625 ಡಾಲರ್. ಇದಕ್ಕೆ ಕನ್ಸಲ್ಟೆನ್ಸಿ ಬೇಕಿತ್ತಾ?

ಈ ದಾರಿ ನಿಧಾನ, ಸುಳ್ಳು ಹೇಳಲ್ಲ. ಮುಂಬೈ ಇಂಟರ್‌ವ್ಯೂಗೆ ಇನ್ನೂ ಕಾಯುತ್ತಿದ್ದೇವೆ. ಆದರೆ ಈ ವೀಸಾದಲ್ಲಿ ಹೋದರೆ ಗ್ರೀನ್ ಕಾರ್ಡಿಗೆ ಬೇರೆ ಅರ್ಜಿ ಇಲ್ಲ. ಮಗಳ ಅಕ್ಕಿಕಾಳೂ ನಮ್ಮ ಕೈಯಿಂದಲೇ ಬಿತ್ತು.

ಮುಂಗಡದಲ್ಲಿ 8 ಸಾವಿರ ವಾಪಸ್ ಕೊಟ್ಟರು, ಅದೂ ಮೂರು ಸಲ ಓಡಾಡಿದ ಮೇಲೆ. ಉಳಿದದ್ದು 'ಫೈಲ್ ಓಪನಿಂಗ್ ಚಾರ್ಜ್' ಅಂತೆ. ಆ ಫೈಲ್ ನನ್ನ ಹತ್ತಿರವೇ ಇದೆ. ಹಸಿರು ಪ್ಲಾಸ್ಟಿಕ್ಕಿನದು, ಒಳಗೆ ಮಗಳ ಆಧಾರ್ ಜೆರಾಕ್ಸ್ ಎರಡು.