ಪಾನಿನಿ ವಿಶ್ವಕಪ್ ಆಲ್ಬಮ್: ಅರ್ಧ ದುಡ್ಡಿಗೆ ತುಂಬುತ್ತದೆ, ಉಳಿದರ್ಧಕ್ಕೆ ಜನ ಬೇಕು

2022ರ ಕತಾರ್ ಫುಟ್ಬಾಲ್ ವಿಶ್ವಕಪ್‌ನ ಸ್ಟಿಕ್ಕರ್ ಆಲ್ಬಮ್ ಬಗ್ಗೆ ಇಷ್ಟು ತಡವಾಗಿ ಯಾಕೆ ಬರೆಯುತ್ತಿದ್ದೀರಿ ಅಂತ ಕೇಳಬಹುದು. ಪೂರ್ತಿ ಆದ ಮೇಲೆ ತಾನೇ ಹೇಳಬೇಕಾದ್ದು? ಮೊದಲ ವಾರ ನಾಲ್ಕು ಪ್ಯಾಕೆಟ್ ಒಡೆದು ಐದು ಸ್ಟಾರ್ ಕೊಟ್ಟವರನ್ನು ನಂಬಬೇಡಿ. ಆಗ ಎಲ್ಲರಿಗೂ ಖುಷಿಯೇ, ಬಂದದ್ದೆಲ್ಲ ಹೊಸದು. ಈ ವಸ್ತುವಿನ ನಿಜವಾದ ಗುಣ ಗೊತ್ತಾಗುವುದು ಕೊನೆಯ ಇಪ್ಪತ್ತು ಖಾಲಿ ಚೌಕಗಳು ನಿಮ್ಮನ್ನೇ ನೋಡುತ್ತಾ ಕುಳಿತಾಗ.

ಗೊತ್ತಿಲ್ಲದವರಿಗೆ ಸ್ವಲ್ಪ. ಆಟಗಾರರ ಚಿತ್ರ ಇರುವ ಸ್ಟಿಕ್ಕರ್‌ಗಳನ್ನು ಪ್ಯಾಕೆಟ್‌ನಲ್ಲಿ ಕೊಂಡು, ಆಲ್ಬಮ್‌ನಲ್ಲಿ ಅವರವರ ಚೌಕಕ್ಕೆ ಅಂಟಿಸಿ ತುಂಬಿಸುವುದು. ಪಾನಿನಿ ಇಟಲಿಯ ಮೊಡೆನಾ ಊರಿನ ಕಂಪನಿ. 1970ರ ಮೆಕ್ಸಿಕೋ ವಿಶ್ವಕಪ್‌ನಿಂದ ಈ ಆಲ್ಬಮ್ ತರುತ್ತಿದೆ. 2022ರದ್ದರಲ್ಲಿ 670 ಸ್ಟಿಕ್ಕರ್. 32 ತಂಡ, ತಂಡಕ್ಕೆ 20, ಅಲ್ಲಿಗೆ 640. ಉಳಿದ 30ರಲ್ಲಿ ಟ್ರೋಫಿ, ಚೆಂಡು, ಸ್ಟೇಡಿಯಂ, ಹಳೆಯ ಚಾಂಪಿಯನ್ನರು ಎಲ್ಲ ಬರುತ್ತಾರೆ. ಒಂದು ಪ್ಯಾಕೆಟ್‌ನಲ್ಲಿ 5. ಒಳಗೆ ಯಾರಿದ್ದಾರೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ, ಅದೇ ಆಟ.

ಈಗ ಲೆಕ್ಕ. 670ನ್ನು 5ರಿಂದ ಭಾಗಿಸಿದರೆ 134 ಪ್ಯಾಕೆಟ್. ಅಷ್ಟು ತಗೊಂಡರೆ ಮುಗಿಯಿತು ಅಂತ ಅಂಗಡಿಯವನೂ ಹೇಳುವುದಿಲ್ಲ. 134 ಪ್ಯಾಕೆಟ್ ಒಡೆದಾಗ ಸರಾಸರಿ ಸುಮಾರು 424 ಬೇರೆ ಬೇರೆ ಸ್ಟಿಕ್ಕರ್ ಸಿಗುತ್ತವೆ. ಸುಮಾರು 246 ಡಬ್ಬಲ್, ಅಂದರೆ ಆಗಲೇ ಇರುವುದೇ ಪುನಃ ಬಂದದ್ದು. ಯಾರ ಜೊತೆಯೂ ಅದಲುಬದಲು ಮಾಡದೆ ಒಬ್ಬರೇ ಪೂರ್ತಿ ಮಾಡಲು ಹೊರಟರೆ ಸರಾಸರಿ 950 ಪ್ಯಾಕೆಟ್ ಹತ್ತಿರ ಬೇಕು. ನಿಮ್ಮ ಅಂಗಡಿಯ ಪ್ಯಾಕೆಟ್ ಬೆಲೆಯನ್ನು ಅದರಿಂದ ಗುಣಿಸಿ ನೋಡಿ, ಆಮೇಲೆ ಮನೆಯವರಿಗೆ ಹೇಳಬೇಡಿ. ಇದರಲ್ಲಿ ಮೊದಲ ಅರ್ಧ ಆಲ್ಬಮ್‌ಗೆ ಬರೀ 93 ಪ್ಯಾಕೆಟ್ ಸಾಕು. ಕೊನೆಯ 20 ಸ್ಟಿಕ್ಕರ್‌ಗೇ 480 ಪ್ಯಾಕೆಟ್ ಹೋಗುತ್ತದೆ! ಒಟ್ಟು ಖರ್ಚಿನ ಅರ್ಧಕ್ಕಿಂತ ಜಾಸ್ತಿ ಆ ಇಪ್ಪತ್ತಕ್ಕೇ.

ಆದರೆ ಇನ್ನೊಮ್ಮೆ ಆ 134ನ್ನು ನೋಡಿ. ಖಾಲಿ ಇರುವ ಚೌಕ 246, ಕೈಯಲ್ಲಿರುವ ಡಬ್ಬಲ್ ಕೂಡ 246. ಇದು ಅದೃಷ್ಟ ಅಲ್ಲ, ಕೊಂಡದ್ದು 670, ಆಲ್ಬಮ್ ಕೂಡ 670, ಹಾಗಾಗಿ ಎಷ್ಟು ಕಮ್ಮಿಯೋ ಅಷ್ಟೇ ಹೆಚ್ಚಾಗಿರಲೇಬೇಕು. ಅಂದರೆ ಒಂದಕ್ಕೊಂದು ಬದಲಾಯಿಸುವ ಜನ ಸಾಕಷ್ಟು ಸಿಕ್ಕರೆ ಇನ್ನೊಂದು ಪ್ಯಾಕೆಟ್ ಕೊಳ್ಳದೆ ಆಲ್ಬಮ್ ತುಂಬಬಹುದು. ಲೆಕ್ಕಕ್ಕೆ ಮಾತ್ರ. ಅಷ್ಟು ಜನ ಎಲ್ಲಿದ್ದಾರೆ?

ಮಂಗಳೂರಿನಲ್ಲಿದ್ದಾರೆ. ಇದು ನಮ್ಮ ಊರಿನ ಪುಣ್ಯ. ಬೆಂಗಳೂರಿನಲ್ಲಿರುವ ನನ್ನ ತಮ್ಮನಿಗೆ ಅವನ ಅಪಾರ್ಟ್‌ಮೆಂಟ್‌ನಲ್ಲಿ ಒಬ್ಬನೂ ಸಿಗಲಿಲ್ಲ. ಇಲ್ಲಿ ಉಳ್ಳಾಲ, ಬಂದರು, ತೊಕ್ಕೊಟ್ಟು ಕಡೆ ಫುಟ್ಬಾಲ್ ಅಂದರೆ ಹುಚ್ಚು. ನೆಹರೂ ಮೈದಾನದಲ್ಲಿ ಸಂಜೆ ಮ್ಯಾಚ್ ನೋಡಲು ನಿಂತವರ ಹತ್ತಿರ "ಡಬ್ಬಲ್ ಉಂಟಾ?" ಅಂತ ಕೇಳಿದರೆ ಯಾರದ್ದಾದರೂ ತಮ್ಮನೋ ಭಾವನ ಮಗನೋ ಆಲ್ಬಮ್ ಇಟ್ಟುಕೊಂಡಿರುತ್ತಾನೆ. ಮಣಿಪಾಲದ ಹಾಸ್ಟೆಲ್ ಇನ್ನೊಂದು ಗಣಿ, ಕೇರಳ, ಗೋವಾ, ಈಶಾನ್ಯದ ಹುಡುಗರೆಲ್ಲ ಅಲ್ಲೇ. ಅಲ್ಲಿಗೆ ಪ್ರತಿ ಸಲ ಹೋಗಬೇಕಾಗಿಯೂ ಇಲ್ಲ. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಮಣಿಪಾಲದ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರಿಗೆ ಕವರ್ ಕೊಟ್ಟು, ಬಸ್ಸಿನ ಹೆಸರು ಮತ್ತು ಹೊರಡುವ ಟೈಮ್ ಆ ಕಡೆಯವರಿಗೆ ಮೆಸೇಜ್ ಮಾಡಿದರೆ ಆಯಿತು. ಸಂಜೆಯ ಬಸ್ಸಿಗೆ ಬದಲಿ ಕವರ್ ಬರುತ್ತದೆ. ಯಾವ ಕೊರಿಯರ್‌ಗೂ ಈ ಸ್ಪೀಡ್ ಇಲ್ಲ.

ಒಂದು ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಮೆಸ್ಸಿ, ರೊನಾಲ್ಡೊ ಸ್ಟಿಕ್ಕರ್‌ಗಳನ್ನು ಕಂಪನಿ ಬೇಕೆಂದೇ ಕಮ್ಮಿ ಪ್ರಿಂಟ್ ಮಾಡುತ್ತದಾ? ಕಂಪನಿ ಇಲ್ಲ ಅನ್ನುತ್ತದೆ. ಕಂಪನಿ ಹೇಳುವುದಿರಲಿ, 2010ರ ಆಲ್ಬಮ್ ಬಂದಾಗ ಜಿನೀವಾ ವಿಶ್ವವಿದ್ಯಾಲಯದ ಸಿಲ್ವೇನ್ ಸಾರ್ಡಿ ಮತ್ತು ಇವಾನ್ ವೆಲೆನಿಕ್ ಎಂಬ ಇಬ್ಬರು ಗಣಿತದ ಮೇಷ್ಟ್ರುಗಳು ಪೆಟ್ಟಿಗೆಗಟ್ಟಲೆ ಪ್ಯಾಕೆಟ್ ಒಡೆದು ಎಣಿಸಿದರು. ಬೇಕೆಂದೇ ಕಮ್ಮಿ ಮಾಡಿದ್ದಕ್ಕೆ ಯಾವ ಸುಳಿವೂ ಸಿಗಲಿಲ್ಲ, ಎಲ್ಲವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಂದವು.

ಹಾಗಾದರೆ ಇಲ್ಲಿ ಮೆಸ್ಸಿ ಯಾಕೆ ಸಿಗಲಿಲ್ಲ? ಸಿಗುತ್ತಿದ್ದ, ಡಬ್ಬಲ್ ಆಗಿ ಉಳಿಯುತ್ತಿರಲಿಲ್ಲ. ಆ ನವೆಂಬರ್‌ನಲ್ಲಿ ಕೇರಳ ಗಡಿಯ ತಲಪಾಡಿ ದಾಟಿದರೆ ಅರ್ಜೆಂಟೀನಾ, ಬ್ರೆಜಿಲ್ ಫ್ಲೆಕ್ಸ್ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಕೋಯಿಕ್ಕೋಡ್ ಹತ್ತಿರದ ಪುಲ್ಲಾವೂರಿನಲ್ಲಿ ಹೊಳೆಯಲ್ಲೇ ಮೆಸ್ಸಿ, ನೇಮಾರ್ ಕಟೌಟ್ ನಿಲ್ಲಿಸಿದ್ದು ನೆನಪಿರಬಹುದು. ಅಂಥ ಜಾಗದಲ್ಲಿ ಎರಡನೇ ಮೆಸ್ಸಿ ಬಂದರೆ ಅವನು ಬದಲಿಗೆ ಹೋಗುವುದಿಲ್ಲ, ಹೆಲ್ಮೆಟ್ ಮೇಲೆ ಹೋಗುತ್ತಾನೆ. ಮೂರನೆಯವನು ಸ್ಕೂಟರಿನ ಡೂಮಿಗೆ. ಅರ್ಜೆಂಟೀನಾದ ಡಿ ಮರಿಯಾಗೂ ಅದೇ ಗತಿ. ಟ್ಯುನೀಷಿಯಾ, ಕೆನಡಾ, ಕೋಸ್ಟರಿಕಾ ಬೇಕಾದಷ್ಟು, ಕೇಳಿದರೆ ಮುಷ್ಟಿ ತುಂಬ ಕೊಡುತ್ತಾರೆ. ಪ್ರಿಂಟ್ ಆದದ್ದು ಒಂದೇ ಲೆಕ್ಕದಲ್ಲಿ, ಅಭಾವ ಹುಟ್ಟಿದ್ದು ನಮ್ಮ ಊರಿನಲ್ಲೇ. ಹಾಗಾಗಿ ನನ್ನ ಸಲಹೆ: ನಿಮಗೆ ಬೇಕಾದ ತಂಡದ ಅಭಿಮಾನಿಯ ಹತ್ತಿರ ಹೋಗಬೇಡಿ, ಎದುರು ತಂಡದವನ ಹತ್ತಿರ ಹೋಗಿ. ಬ್ರೆಜಿಲ್ ಅಂದರೆ ಪ್ರಾಣ ಬಿಡುವ ಒಬ್ಬ ಭಾಯ್ ನನಗೆ ಅರ್ಜೆಂಟೀನಾದ ಇಡೀ ಕಟ್ಟು ಮುಖ ಸಿಂಡರಿಸಿಕೊಂಡು ಕೊಟ್ಟರು. "ತಗೊಳ್ಳಿ ಮಾರಾಯ್ರೆ, ನಮ್ಮ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ."

ದರದ ವಿಷಯ. ಒಂದಕ್ಕೊಂದು ಅನ್ನುವುದು ನ್ಯಾಯವಾದ ರೇಟು. ಹೊಳೆಯುವ ಲಾಂಛನಕ್ಕೆ ಎರಡು ಕೇಳುತ್ತಾರೆ, ಕೊಟ್ಟುಬಿಡಿ. ಹೆಸರಿನ ಆಟಗಾರರದ್ದು ಬಂಗುಡೆ ರೇಟಿನ ಹಾಗೆ, ಬೆಳಿಗ್ಗೆ ಒಂದು, ಸಂಜೆ ಒಂದು. ದೊಡ್ಡವರ ಜೊತೆ ವ್ಯವಹಾರ ಸುಲಭ. ಆರನೇ ಕ್ಲಾಸಿನ ಹುಡುಗರ ಜೊತೆ ಮಾತ್ರ ಜಾಗ್ರತೆ. "ಅಂಕಲ್, ಎಂಬಾಪೆ ಉಂಟು, ಹತ್ತು ಕೊಡಬೇಕು." ಹತ್ತಾ ಮಾರಾಯ? "ಬೇಡದಿದ್ದರೆ ಬಿಡಿ, ನಿಮಗೆ ಇನ್ನು ಆರೇ ಬಾಕಿ ಅಲ್ವಾ?" ನನ್ನ ಪಟ್ಟಿ ಅವನ ಕೈಗೆ ಹೋದದ್ದೇ ಅವನಿಗೆ ಬಲ. ಬೇಕಾದ್ದರ ಪಟ್ಟಿಯನ್ನು ಪೂರ್ತಿ ತೋರಿಸಬೇಡಿ, ಇರುವ ಡಬ್ಬಲ್ ಮೊದಲು ತೋರಿಸಿ. ಡಬ್ಬಲ್‌ಗಳನ್ನು ದೇಶದ ಪ್ರಕಾರ ಜೋಡಿಸಿ ಇಟ್ಟಿರಬೇಕು. ರಬ್ಬರ್ ಬ್ಯಾಂಡ್ ಹಾಕಿದರೆ ಅಂಚು ಮಡಚುತ್ತದೆ, ಮದುವೆ ಕಾಗದದ ಹಳೆಯ ಲಕೋಟೆಗಳು ಇದಕ್ಕೆ ಸರಿಯಾದ ಅಳತೆ.

ಆನ್‌ಲೈನ್‌ನಲ್ಲಿ ಪ್ಯಾಕೆಟ್ ತರಿಸುವವರು ಸೀಲ್ ಆದ ಪೂರ್ತಿ ಬಾಕ್ಸನ್ನೇ ತರಿಸಿ. ಬಿಡಿ ಪ್ಯಾಕೆಟ್ ಮಾರುವ ಒಬ್ಬರಿಂದ ನನಗೆ ಬಂದ ಕಟ್ಟಿನಲ್ಲಿ ಅಂಚು ಬಿಚ್ಚಿ ಪುನಃ ಅಂಟಿಸಿದ ಗುರುತು ಇತ್ತು. ಫೋಟೋ ಕಳಿಸಿದೆ. ಉತ್ತರ ಬರಲಿಲ್ಲ.

ಅಮೆರಿಕದ ಬೇಸ್‌ಬಾಲ್ ಕಾರ್ಡಿನವರಿಗೂ ಇದೇ ಪಾಡು, ನಮ್ಮದಕ್ಕಿಂತ ಎಷ್ಟೋ ಹಳೆಯದು. ಬೇಕಾದ್ದರ ಪಟ್ಟಿ ಹಿಡಿದು, ಮುಖ ನೋಡದವರ ಜೊತೆ ಅಂಚೆಯಲ್ಲಿ ಕಾರ್ಡ್ ಬದಲಾಯಿಸಿಕೊಂಡು ಸೆಟ್ ಮುಗಿಸುವವರು ಅವರು. ಅವರ ಟಾಪ್ಸ್ ಕಂಪನಿಯ 1952ರ ಸೆಟ್‌ನಲ್ಲಿ 407 ಕಾರ್ಡ್. ಕಂತು ಕಂತಾಗಿ ಬಂದದ್ದು. ಕೊನೆಯ ಕಂತು ಬರುವಾಗ ಸೀಸನ್ ಮುಗಿಯುತ್ತಾ ಬಂದಿತ್ತು, ಮಕ್ಕಳ ಮನಸ್ಸು ಬೇರೆ ಆಟಕ್ಕೆ ಹೋಗಿತ್ತು, ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದ್ದಾಗಿ ಆ ಕಂಪನಿಯ ಸೈ ಬರ್ಗರ್ ಅವರೇ ಹೇಳಿಕೊಂಡಿದ್ದಾರೆ. ಆ ಕಂತಿನಲ್ಲೇ ಇದ್ದದ್ದು 311ನೇ ನಂಬರ್ ಕಾರ್ಡ್, ಬೇಸ್‌ಬಾಲ್ ತಾರೆ ಮಿಕಿ ಮ್ಯಾಂಟಲ್‌ನದ್ದು. 2022ರಲ್ಲಿ ಅದರ ಒಂದು ಪ್ರತಿ 1.26 ಕೋಟಿ ಡಾಲರ್‌ಗೆ ಹೋಯಿತು. ಇಂಥ ಸುದ್ದಿ ಓದಿ ಪಾನಿನಿ ಕೊಳ್ಳುವವರಿದ್ದರೆ ದಯವಿಟ್ಟು ಬೇಡ. ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಾಪಾಡಿ ಮಾರಬಹುದು, ಸ್ಟಿಕ್ಕರನ್ನು ಒಮ್ಮೆ ಅಂಟಿಸಿದರೆ ಮುಗಿಯಿತು. ನನಗೆ ಇದೇ ಇಷ್ಟ. ಅಂಟಿಸಿದ್ದನ್ನು ಯಾರೂ ಕೂಡಿಟ್ಟು ರೇಟು ಏರಲಿ ಅಂತ ಕಾಯುವುದಿಲ್ಲ.

ಅದೇ ಕಾರಣಕ್ಕೆ ಆ 'ಎಕ್ಸ್‌ಟ್ರಾ' ಸ್ಟಿಕ್ಕರ್‌ಗಳ ಐಡಿಯಾ ನನಗೆ ಹಿಡಿಸಲಿಲ್ಲ. 20 ಆಟಗಾರರು, ಒಬ್ಬೊಬ್ಬರದ್ದು ನಾಲ್ಕು ಬಣ್ಣ. ಆಲ್ಬಮ್‌ನಲ್ಲಿ ಅವಕ್ಕೆ ಜಾಗವೇ ಇಲ್ಲ. ಅಪರೂಪಕ್ಕೆ ಪ್ಯಾಕೆಟ್‌ನಲ್ಲಿ ಬರುತ್ತವೆ, ಸಿಕ್ಕಿದವನು ಅವತ್ತಿನಿಂದ ಸಂಗ್ರಾಹಕ ಹೋಗಿ ದಲ್ಲಾಳಿ ಆಗುತ್ತಾನೆ.

ಇನ್ನೊಂದು ಕೊರತೆ. ತಂಡಗಳ ಅಂತಿಮ ಪಟ್ಟಿ ಬರುವ ಮೊದಲೇ ಆಲ್ಬಮ್ ಪ್ರಿಂಟ್ ಆಗುತ್ತದೆ. ಕಪ್ ಗೆದ್ದ ಅರ್ಜೆಂಟೀನಾದ ಎಂಜೊ ಫೆರ್ನಾಂಡಿಸ್, ಟೂರ್ನಿಯ ಅತ್ಯುತ್ತಮ ಯುವ ಆಟಗಾರ, ಈ 670ರಲ್ಲಿ ಇಲ್ಲವೇ ಇಲ್ಲ. ಆತ ದೇಶಕ್ಕೆ ಮೊದಲ ಮ್ಯಾಚ್ ಆಡಿದ್ದೇ ಆ ಸೆಪ್ಟೆಂಬರ್‌ನಲ್ಲಿ, ಆಲ್ಬಮ್ ಅಷ್ಟರಲ್ಲಿ ಅಂಗಡಿಗೆ ಬಂದಾಗಿತ್ತು. ಕಂಪನಿಯನ್ನು ಬೈಯುವ ಹಾಗಿಲ್ಲ, ಆದರೆ ಡಿಸೆಂಬರ್ 18ರ ಫೈನಲ್ ನೋಡಿ ಪುಟ ತಿರುವಿದಾಗ ಚುರುಕ್ ಅನ್ನುತ್ತದೆ.

2026ರ ಕಪ್‌ಗೆ 48 ತಂಡ. ತಂಡಕ್ಕೆ 20ರಂತೆ ಹಿಡಿದರೂ 960 ಆಯಿತು, ಮೇಲಿನ ಲೆಕ್ಕ ಇನ್ನಷ್ಟು ಕೆಡುತ್ತದೆ. ಮೇಲಾಗಿ ಅದು ಜೂನ್, ಜುಲೈ. ನಮ್ಮಲ್ಲಿ ಜೋರು ಮಳೆಗಾಲ. ಆ ತೇವಕ್ಕೆ ಯಾವ ಕಾಗದವೂ ನೆಟ್ಟಗೆ ನಿಲ್ಲುವುದಿಲ್ಲ. ಡಬ್ಬಲ್‌ಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣ ಹಾಕಿ ಇಡಿ, ಸಿಕ್ಕಿದ್ದನ್ನು ಅವತ್ತೇ ಅಂಟಿಸಿ.

ನನ್ನ ಮಾರ್ಕು: ಸುತ್ತಮುತ್ತ ನಾಲ್ಕೈದು ಜನವಾದರೂ ಆಲ್ಬಮ್ ಇಟ್ಟುಕೊಂಡಿದ್ದರೆ 5ಕ್ಕೆ ನಾಲ್ಕೂವರೆ. ಒಬ್ಬರೇ ಆದರೆ ಒಂದೂವರೆ, ಅದೂ ಆಲ್ಬಮ್ಮಿನ ಚಿತ್ರಗಳು ಚೆಂದ ಇವೆ ಅಂತ. ಅಂಥವರು ಒಂದು ಪ್ಯಾಕೆಟ್ ಒಡೆದು ಖುಷಿಪಟ್ಟು ಸುಮ್ನೆ ಬಿಟ್ಟುಬಿಡುವುದು ಒಳ್ಳೆಯದು.

ನನ್ನ ಹತ್ತಿರ ಟ್ಯುನೀಷಿಯಾ, ಸೌದಿ, ವೇಲ್ಸ್ ಡಬ್ಬಲ್ ರಾಶಿ ಉಂಟು. 2022ರದ್ದು ಇನ್ನೂ ಬಾಕಿ ಇಟ್ಟುಕೊಂಡವರು ಕೇಳಿ, ಬದಲಿಗೆ ಏನೂ ಬೇಡ. ಉಡುಪಿ ಕಡೆಯವರಾದರೆ ಬಸ್ಸಿನಲ್ಲಿ ಕೊಟ್ಟು ಕಳಿಸುತ್ತೇನೆ.