ಬೇಸ್‌ಮೆಂಟ್ ಗೋಡೆ ಕೊಯ್ಸಿ ಎರಡೂವರೆ ವರ್ಷ: ಬೆಳಕು ಬಂತು, ಹಿಂದೆಯೇ ನೀರೂ ಬಂತು

ಗಿರಿನಗರದ ಇಳಿಜಾರಿನಲ್ಲಿ ನಮ್ಮ ಮನೆ. ಅರ್ಧ ಮಣ್ಣೊಳಗಿರುವ ಬೇಸ್‌ಮೆಂಟಿನಲ್ಲಿ ನನ್ನ ಹೊಲಿಗೆ ಅಂಗಡಿ. ಗೋಡೆ 8 ಇಂಚಿನ ಆರ್‌ಸಿಸಿ, ಅಂದರೆ ಕಂಬಿ ಕಟ್ಟಿದ ಕಾಂಕ್ರೀಟು. ಕಿಟಕಿ ಅಂತ ಇದ್ದದ್ದು ಎರಡಡಿಗೆ ಒಂದಡಿಯ ವೆಂಟಿಲೇಟರ್, ಅಷ್ಟೇ. ಟ್ಯೂಬ್‌ಲೈಟಿನಲ್ಲಿ ನೇರಳೆಗೂ ಕಂದುಬಣ್ಣಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ದಾರ ಮ್ಯಾಚ್ ಮಾಡಬೇಕೆಂದರೆ ಬ್ಲೌಸ್ ಪೀಸು, ರೀಲು ಎರಡೂ ಹಿಡಿದು ಮೆಟ್ಟಿಲು ಹತ್ತಿ ಗೇಟಿನ ಹತ್ತಿರ ಬರಬೇಕು. ವರಮಹಾಲಕ್ಷ್ಮಿ ಹಬ್ಬದ ಸಮಯದಲ್ಲಿ ದಿನಕ್ಕೆ ಇಪ್ಪತ್ತು ಸಲ. ಮಂಡಿ ಕೈಕೊಟ್ಟ ಮೇಲೆ, 2023ರ ಫೆಬ್ರವರಿಯಲ್ಲಿ, ಅದೇ ಕಿಂಡಿಯನ್ನು ನಾಲ್ಕಡಿಗೆ ಮೂರಡಿ ಮಾಡಿಸಿದೆ.

ನಮ್ಮ ಮೇಸ್ತ್ರಿ ಬ್ರೇಕರ್‌ನಲ್ಲಿ ಒಡೆದುಕೊಡ್ತೀನಿ, 9,000 ಕೊಡಿ ಅಂದಿದ್ದ. ಎಂಜಿನಿಯರ್ ಬೇಡವೇ ಬೇಡ ಅಂದರು. ಸೂರಿನ ಭಾರ ಬೀಮು, ಕಂಬಗಳ ಮೇಲಿದೆ, ಆದರೂ ಈ ಗೋಡೆ ಮಣ್ಣಿನ ಒತ್ತಡ ತಡೀತಿದೆ, ಹಾಗೆಲ್ಲ ಕುಟ್ಟಿ ಅಲ್ಲಾಡಿಸಬಾರದು, ಕೊಯ್ಸಿ ಸುತ್ತ ಕಬ್ಬಿಣದ ಚೌಕಟ್ಟು ಕೂರಿಸಿ ಅಂತ. ಡೈಮಂಡ್ ಬ್ಲೇಡಿನಲ್ಲಿ ಗೋಡೆ ಕೊಯ್ಯುವವರು ಕೇಳಿದ್ದು 38,000. ಎಷ್ಟು ಸೀರೆಗೆ ಫಾಲ್ಸ್ ಹಾಕಿದರೆ ಅಷ್ಟು ದುಡ್ಡಾಗುತ್ತೆ ಅಂತ ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟೆ.

ಆ ದಿನದ ಕೆಲಸಕ್ಕೆ ಮಾತ್ರ ಒಂದು ಕೊಂಕೂ ಹೇಳಲಾರೆ. ಗೋಡೆಗೆ ಹಳಿ ಬಿಗಿದು, ನೀರು ಬಿಟ್ಟುಕೊಂಡು, ಎರಡಡಿ ಚಕ್ರದಲ್ಲಿ ಕೇಕಿನ ಹಾಗೆ ಕೊಯ್ದರು. ಸದ್ದು ಕಿವಿ ತೂತಾಗುವಷ್ಟು, ಧೂಳು ಮಾತ್ರ ಇಲ್ಲ. ಕಾಂಕ್ರೀಟು ಒಂದು ಘನ ಅಡಿಗೆ ಸುಮಾರು 70 ಕೆಜಿ ತೂಗುತ್ತದಂತೆ. ಆ ಲೆಕ್ಕದಲ್ಲಿ ನಮ್ಮ ಗೋಡೆಯಿಂದ ಬಂದದ್ದು 450 ಕೆಜಿಗೂ ಮೇಲೆ. ನಾಲ್ಕು ತುಂಡು ಮಾಡಿ ಚೈನ್ ಪುಲ್ಲಿಯಲ್ಲಿ ಇಳಿಸಿದರು. ಬೂದಿ ಬಣ್ಣದ ರಾಡಿ ಒಳಗೆ ಬಾರದಿರಲಿ ಅಂತ ಮಷೀನನ್ನು ಹೊರಗಿನಿಂದಲೇ ಕಟ್ಟಿದ್ದರು. ನನ್ನ ಬಟ್ಟೆಗಳ ಮೇಲೆ ಎಷ್ಟು ಕಾಳಜಿ ಅಂತ ಖುಷಿಯಾಗಿ ಕಾಫಿ ಕೊಟ್ಟೆ. ಎರಡು ಸಲ.

ಜೂನ್‌ನಲ್ಲಿ ಮಳೆ ಹಿಡಿಯಿತು. ಕಿಟಕಿಯ ಕೆಳಗಿನ ಎರಡು ಮೂಲೆಗಳಲ್ಲೂ ತೇವ. ಕೆಳಗೆ ಇಟ್ಟಿದ್ದ ಲೈನಿಂಗ್ ಬಟ್ಟೆಯ ಥಾನು ಮುಗ್ಗಲು ವಾಸನೆ. ಗೋಡೆ ಕೊಯ್ದವರಿಗೆ ಫೋನ್ ಮಾಡಿದರೆ "ಅದು ನಾರ್ಮಲ್ ಮೇಡಂ". ನಾರ್ಮಲ್ ಅಂತೆ! ಮೂರನೇ ಫೋನಿಗೆ ಒಬ್ಬ ಹುಡುಗ ಬಂದು ವೈಟ್ ಸಿಮೆಂಟ್ ಮೆತ್ತಿ ಹೋದ. ಮುಂದಿನ ಮಳೆಗೆ ಅದು ಹಪ್ಪಳದ ಹಾಗೆ ಎದ್ದಿತು.

ಕಾರಣ ತಿಳಿದದ್ದು ಎಂಜಿನಿಯರನ್ನು ಮತ್ತೆ ಕರೆಸಿದಾಗ. ಬ್ಲೇಡು ದುಂಡಗಿರುತ್ತಲ್ಲ, ಮೂಲೆಯಲ್ಲಿ ಗೋಡೆಯ ಆಚೆ ಮುಖದವರೆಗೂ ಪೂರ್ತಿ ಕೊಯ್ಯಬೇಕಾದರೆ ಮಷೀನಿರುವ ಈಚೆ ಮುಖದಲ್ಲಿ ಗೆರೆ ದಾಟಿ ಗೇಣುದ್ದ ಮುಂದೆ ಹೋಗಲೇಬೇಕು. ನಮ್ಮಲ್ಲಿ ಮಷೀನು ಹೊರಗಿದ್ದದ್ದರಿಂದ ಆ ಸೀಳುಗಳೆಲ್ಲ ಮಳೆ ಬೀಳುವ ಕಡೆಗೇ! ಕೆಳಗಿನವಂತೂ ಮಣ್ಣಿನೊಳಗೂ ಇಳಿದಿದ್ದವು. ಸಾದಾ ಸಿಮೆಂಟ್ ತುಂಬಿ ಬಣ್ಣ ಬಳಿದಿದ್ದರು, ಅದು ಒಣಗಿ ಕುಗ್ಗಿ ಬಿಟ್ಟುಕೊಂಡಿತ್ತು. ಕೊಯ್ದ ಕಂಬಿಯ ತುದಿಗಳಿಗೆ ತುಕ್ಕು ತಡೆಯುವ ಬಣ್ಣವನ್ನೂ ಬಳಿದಿರಲಿಲ್ಲ. ಮೊದಲೇ ನಾಲ್ಕು ಮೂಲೆಗೂ ಕೋರ್, ಅಂದರೆ ಗೋಡೆಯ ಆಚೆಗೂ ಹೋಗುವ ದುಂಡನೆ ತೂತು, ಹೊಡೆದಿದ್ದರೆ ಬ್ಲೇಡು ಆ ತೂತಿಗೆ ಬಂದು ನಿಲ್ಲುತ್ತಿತ್ತು, ಸೀಳಿನ ಮಾತೇ ಇರುತ್ತಿರಲಿಲ್ಲ. ಇದನ್ನು ನನಗೆ ಯಾರೂ ಹೇಳಲಿಲ್ಲ. ನಾನೇನು ಕಾಂಕ್ರೀಟ್ ಓದಿದವಳೇ? ಬೇರೆಯವರನ್ನು ಕರೆಸಿ ಸೀಳು ಬಿಡಿಸಿ, ಎಪಾಕ್ಸಿ ತುಂಬಿಸಿದೆ. ಇನ್ನೊಂದು 6,500.

ಆದರೂ ಬೆಳಿಗ್ಗೆ ಮಷೀನಿಗೆ ಎಣ್ಣೆ ಬಿಟ್ಟು, ಬಾಬಿನ್ ಸುತ್ತಿ, ಕಟಿಂಗ್ ಟೇಬಲ್ಲಿನ ಮೇಲೆ ರೀಲಿನ ಡಬ್ಬ ತೆಗೆಯುವಾಗ ಸಿಟ್ಟು ಉಳಿಯುವುದಿಲ್ಲ. ಎಂಟೂವರೆ ಹೊತ್ತಿಗೆ ಬಿಸಿಲು ಟೇಬಲ್ಲಿನ ಅಂಚಿಗೆ ಬರುತ್ತದೆ. ಗಿಳಿಹಸಿರಿನ ಐದು ರೀಲು ಸಾಲಾಗಿಟ್ಟು, ಒಂದೊಂದೇ ಎಳೆ ಬಟ್ಟೆಯ ಮೇಲೆ ಹಾಸಿ ನೋಡುತ್ತೇನೆ. ಸರಿಯಾದದ್ದು ಬಟ್ಟೆಯೊಳಗೆ ಮಾಯವಾಗಿಬಿಡುತ್ತದೆ. ದಾರದ ಬಣ್ಣ ತಪ್ಪಿತು ಅಂತ ಬಿಚ್ಚಿ ಹೊಲಿದು ಎರಡು ವರ್ಷವಾಯಿತು.

ಗೋಡೆ ಕೊಯ್ದವರಿಗೆ ಐದಕ್ಕೆ ಮೂರು ಸ್ಟಾರ್. ಒಂದು ಕಳೆದದ್ದು ಸೀಳಿಗೆ, ಇನ್ನೊಂದು "ನಾರ್ಮಲ್ ಮೇಡಂ"ಗೆ.

ಈಗ ಹಿಂದಿನ ಗೋಡೆಯಲ್ಲಿ ಗಿರಾಕಿಗಳಿಗೆ ಒಂದು ಬಾಗಿಲು ಬೇಕಾಗಿದೆ. ಮೊನ್ನೆ ಅವರಿಗೇ ಫೋನ್ ಮಾಡಿ, ದರ ಕೇಳುವ ಮೊದಲೇ "ಮೂಲೆಗೆ ಕೋರ್ ಹೊಡೀತೀರಾ?" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹೊಡೀತೀವಿ ಮೇಡಂ, ಅದು ಎಕ್ಸ್‌ಟ್ರಾ."