ಮೊದಲ ಪದರವನ್ನು ಕಣ್ಣಾರೆ ನೋಡದೆ ಹಡಗಿನ ಮಾದರಿಯ ಹಲಗೆ ಕೆಲಸಕ್ಕೆ ಒಪ್ಪಿಗೆ ಕೊಡಬೇಡಿ

ಮರದ ಹಡಗಿನ ಮಾದರಿಗೆ ಹಲಗೆ ಹೊದಿಸುವ ಕೆಲಸವನ್ನು ಹಣ ಕೊಟ್ಟು ಮತ್ತೊಬ್ಬರಿಂದ ಮಾಡಿಸಲು ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ನನಗಾದ ಮೋಸ ಇನ್ನೊಬ್ಬರಿಗೆ ಆಗಬಾರದೆಂದು ಬರೆಯುತ್ತಿದ್ದೇನೆ.

ಅದು 1740ರ ದಶಕದ ಯುದ್ಧನೌಕೆಯೊಂದರ 1:64 ಅಳತೆಯ ಮಾದರಿ. ಕೀಲ್ (ತಳದುದ್ದಕ್ಕೂ ಇರುವ ಬೆನ್ನೆಲುಬು) ಮತ್ತು ಬಲ್ಕ್‌ಹೆಡ್‌ಗಳನ್ನು (ಅದಕ್ಕೆ ಅಡ್ಡಲಾಗಿ ನಿಂತು ಹಲಗೆಗೆ ಆಸರೆ ಕೊಡುವ ಚೌಕಟ್ಟುಗಳು) ನಾನೇ ಕೂರಿಸಿ, ಪ್ರತಿ ಬಲ್ಕ್‌ಹೆಡ್ಡಿನ ತಲೆಯ ಮೇಲೆ ನೀಲಿ ಪೆನ್ಸಿಲ್‌ನಲ್ಲಿ ಅದರ ಸಂಖ್ಯೆ ಬರೆದು, ಎಲ್ಲವೂ ನೇರವಾಗಿ ನಿಂತಿದೆಯೆಂದು ಖಾತ್ರಿ ಮಾಡಿಕೊಂಡೇ ಕಳುಹಿಸಿದ್ದೆ. ಮಣಿಕಟ್ಟಿನ ನೋವಿನಿಂದಾಗಿ ಹಲಗೆಯ ಪಟ್ಟಿಗಳನ್ನು ಬಗ್ಗಿಸಿ ಹಿಡಿಯಲು ಆಗದ ಕಾರಣ ಮುಂದಿನ ಕೆಲಸವನ್ನು ಒಬ್ಬ ಕುಶಲಕರ್ಮಿಗೆ ಒಪ್ಪಿಸಿದೆ. ಮೊದಲ ಪದರಕ್ಕೆ 1.5 ಮಿ.ಮೀ. ದಪ್ಪದ ಲೈಮ್ ಮರ (ಲಿಂಡೆನ್, ನಿಂಬೆಯಲ್ಲ), ಅದರ ಮೇಲೆ 0.5 ಮಿ.ಮೀ.ನ ವಾಲ್‌ನಟ್, ಅಂಟು ಬಿಳಿಯ ಪಿ.ವಿ.ಎ. ಮಾತ್ರ, ಕೊನೆಗೆ ಹೊಳಪಿಲ್ಲದ ತೆಳು ಲೇಪ ಎಂದು ಬರೆದೇ ಕೊಟ್ಟಿದ್ದೆ. ಮೊದಲ ಪದರ ಮುಗಿದು ಉಜ್ಜಿದ ಮೇಲೆ ಚಿತ್ರ ಕಳುಹಿಸುವುದು, ನಾನು ಒಪ್ಪಿದ ನಂತರವೇ ವಾಲ್‌ನಟ್ ಹಚ್ಚುವುದು ಎಂಬುದೂ ಒಪ್ಪಂದದಲ್ಲಿತ್ತು.

ಚಿತ್ರಗಳು ಬಂದವು. ಮೂತಿಯ, ಅಂದರೆ ಹಡಗಿನ ಮುಂತುದಿಯ ಕಡೆ ಒಂದೊಂದು ಪಟ್ಟಿಯೂ ಹದವಾಗಿ ಕಿರಿದಾಗುತ್ತಾ ಹೋಗಿತ್ತು, ಎಲ್ಲಿಯೂ ಸಂದಿರಲಿಲ್ಲ, ಸಂದು ಮುಚ್ಚಲು ಮೆತ್ತುವ ಫಿಲ್ಲರ್‌ನ ಗುರುತೇ ಇರಲಿಲ್ಲ. ಸಂತೋಷದಿಂದ ಒಪ್ಪಿಗೆ ತಿಳಿಸಿ ಎರಡನೇ ಕಂತಿನ ಹಣವನ್ನೂ ಕಳುಹಿಸಿದೆ.

ಪೆಟ್ಟಿಗೆ ತೆರೆದಾಗ ಕಣ್ಣಿಗೆ ರಾಚಿದ್ದು ದಪ್ಪ ವಾರ್ನಿಷ್. ಹೊಳಪು ಬೇಡವೆಂದು ಬರೆದು ಕೊಟ್ಟವನಿಗೆ ಹೊಳಪು! ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ದೀಪವನ್ನು ಓರೆಯಾಗಿ ಹಿಡಿದು ನೋಡಿದರೆ ಬಡಕಲು ದನದ ಪಕ್ಕೆಲುಬಿನಂತೆ ಬಲ್ಕ್‌ಹೆಡ್‌ಗಳು ಒಂದೊಂದಾಗಿ ಎದ್ದು ಕಾಣುತ್ತಿದ್ದವು. ಮೂತಿಯಿಂದ ಹಿಂತುದಿಯವರೆಗೆ ದಾರ ಎಳೆದು ಹಿಡಿದರೆ ಕೀಲ್ ಒಂದು ಕಡೆಗೆ ಬಾಗಿತ್ತು. ಎಡ ಮತ್ತು ಬಲ ಬದಿಗಳಿಗೆ ಸರದಿಯಂತೆ ಪಟ್ಟಿ ಹಚ್ಚುತ್ತಾ ಹೋಗದೆ ಒಂದೇ ಬದಿಯನ್ನು ಮೊದಲು ಮುಗಿಸಿಬಿಟ್ಟರೆ, ಒದ್ದೆ ಪಟ್ಟಿಗಳು ಒಣಗುವಾಗಿನ ಎಳೆತಕ್ಕೆ ಕೀಲ್ ಹೀಗೆ ಬಾಗುತ್ತದೆ.

ಮೂತಿಯ ಬಳಿ ವಾಲ್‌ನಟ್ ಪಟ್ಟಿಯೊಂದರ ತುದಿ ಆಗಲೇ ಬಿಟ್ಟುಕೊಂಡಿತ್ತು. ಉಗುರಿನಿಂದ ಮೆಲ್ಲಗೆ ಎತ್ತಿದೆ. ಒಳಗೆ ಮರವೇ ಇಲ್ಲ. ಕೆನೆ ಬಣ್ಣದ ಫಿಲ್ಲರ್ ಪುಡಿಪುಡಿಯಾಗಿ ಬೆರಳಿಗೆ ಹತ್ತಿತು. ಇನ್ನಷ್ಟು ಕೆರೆದಾಗ ಲೈಮ್ ಪಟ್ಟಿಯ ತುದಿ ಸಿಕ್ಕಿತು, ಅದನ್ನು ಸೂಜಿಯಂತೆ ಚೂಪಾಗಿ ಕತ್ತರಿಸಿ ಪಕ್ಕದ ಪಟ್ಟಿಯ ಮೇಲೇರಿಸಿ ಸೂಪರ್ ಗ್ಲೂ ಸುರಿದು ಕೂರಿಸಲಾಗಿತ್ತು.

ಚಿತ್ರದಲ್ಲಿ ಕಂಡ ಮೂತಿ ಇದಲ್ಲ ಎಂದು ಆಗ ಅನುಮಾನ ಬಂತು. ಹಳೆಯ ಚಿತ್ರಗಳನ್ನು ತೆರೆದು ದೊಡ್ಡದು ಮಾಡಿ ನೋಡಿದೆ. ಡೆಕ್‌ನಿಂದ ಮೇಲೆ ಚಾಚಿದ್ದ ಬಲ್ಕ್‌ಹೆಡ್ ತಲೆಗಳು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತವೆ, ಆದರೆ ಒಂದರ ಮೇಲೂ ಸಂಖ್ಯೆಯಿಲ್ಲ. ನನ್ನ ಮುಂದಿದ್ದ ಮಾದರಿಯಲ್ಲಿ ನೀಲಿ ಸಂಖ್ಯೆಗಳು ಹಾಗೆಯೇ ಇದ್ದವು. ಅಂದರೆ ನಾನು ಮೆಚ್ಚಿ, ಒಪ್ಪಿ, ಹಣ ಕಳುಹಿಸಿದ್ದು ಬೇರೆ ಯಾವುದೋ ಹಡಗಿನ ಚಿತ್ರ ನೋಡಿ! ಆ ಕ್ಷಣ ಮುಖಕ್ಕೆ ಹೊಡೆದಂತಾಯಿತು. ಬೇರೆ ಹಡಗಿನ ಚಿತ್ರ ಕಳುಹಿಸುವವರು ಇದ್ದಾರೆಂದು ಯಾರು ತಾನೇ ಊಹಿಸುತ್ತಾರೆ?

ಇದು ಬರಿಯ ಅಂದಚಂದದ ದೂರು ಎಂದು ಯಾರೂ ತಿಳಿಯಬಾರದು. ಬಲ್ಕ್‌ಹೆಡ್ಡಿನ ಅಂಚನ್ನು ಹಲಗೆ ಸಾಗುವ ದಿಕ್ಕಿಗೆ ಓರೆಯಾಗಿ ಉಜ್ಜಿದರೆ ಮಾತ್ರ ಪಟ್ಟಿಗೆ ಪೂರ್ತಿ ಆಸರೆ ಸಿಗುತ್ತದೆ, ಇಲ್ಲದಿದ್ದರೆ ಅದು ಒಂದು ಮೂಲೆಯ ಮೇಲಷ್ಟೇ ನಿಲ್ಲುತ್ತದೆ. ಒಂದು ಬದಿಯಲ್ಲಿ ನಡುಭಾಗದ ಸುತ್ತಳತೆ 100 ಮಿ.ಮೀ. ಇದ್ದು ಮೂತಿಯ ಬಳಿ 60 ಮಿ.ಮೀ. ಇದ್ದರೆ, ನಡುವೆ 5 ಮಿ.ಮೀ. ಅಗಲವಿರುವ 20 ಪಟ್ಟಿಗಳು ಮೂತಿಯಲ್ಲಿ 3 ಮಿ.ಮೀ.ಗೆ ಕಿರಿದಾಗಬೇಕು. ಅರ್ಧಕ್ಕಿಂತ ಕಿರಿದಾಗಿಸುವ ಪರಿಸ್ಥಿತಿ ಬಂದರೆ ಚೂಪು ಮಾಡದೆ ಎರಡು ಪಟ್ಟಿಗಳ ಜಾಗಕ್ಕೆ ಒಂದನ್ನು ಇಳಿಸುವುದು ಕ್ರಮ. ಈ ಲೆಕ್ಕ ಹಾಕಿ ಪ್ರತಿ ಪಟ್ಟಿಯನ್ನೂ ಹೆರೆಯಲು ತಾಳ್ಮೆ ಬೇಕು, ಫಿಲ್ಲರ್ ಮೆತ್ತಲು ಏನೂ ಬೇಕಿಲ್ಲ.

ಇನ್ನು ಆ ಕುಶಲಕರ್ಮಿಯ ಉತ್ತರಗಳು. ಮೊದಲಿಗೆ, "ಮರ ಅಂದರೆ ಹಾಗೇ ಸರ್, ಹವೆಗೆ ಹಿಗ್ಗುತ್ತೆ, ಕುಗ್ಗುತ್ತೆ" ಎಂದರು. ಫಿಲ್ಲರ್‌ನ ಚಿತ್ರ ಕಳುಹಿಸಿದಾಗ, "ಎರಡನೇ ಪದರ ಬಂದ ಮೇಲೆ ಒಳಗೇನಿದೆ ಅಂತ ಯಾರು ನೋಡ್ತಾರೆ ಸರ್?" ಎಂದರು. ನಾನು ನೋಡುತ್ತೇನೆ! ನನ್ನ ಮಾದರಿ, ನಾನು ನೋಡುತ್ತೇನೆ. ಬೇರೆ ಹಡಗಿನ ಚಿತ್ರ ಏಕೆ ಕಳುಹಿಸಿದಿರಿ ಎಂದು ಕೇಳಿದ್ದಕ್ಕೆ, "ಅದು ಸ್ಯಾಂಪಲ್ ಸರ್, ಹೀಗೆ ಬರುತ್ತೆ ಅಂತ ತೋರಿಸಿದ್ದು" ಎಂಬ ಉತ್ತರ ಬಂತು. ಚಿತ್ರದ ಕೆಳಗೆ "ನಿಮ್ಮ ಹಡಗಿನ ಮೊದಲ ಪದರ ಮುಗಿಯಿತು" ಎಂದು ಅವರೇ ಬರೆದದ್ದು ಇಂದಿಗೂ ನನ್ನ ಫೋನಿನಲ್ಲಿದೆ.

ನನ್ನನ್ನು ಎಲ್ಲಕ್ಕಿಂತ ಕೆರಳಿಸಿದ್ದು ಅವರ ಕೊನೆಯ ಸಲಹೆ: "ಅಷ್ಟು ಬೇಜಾರಾದರೆ ಕೆಳಗಡೆ ತಾಮ್ರದ ಫಲಕ ಅಂಟಿಸಿಬಿಡೋಣ, ಎಲ್ಲಾ ಮುಚ್ಚಿಹೋಗುತ್ತೆ." ಬ್ರಿಟಿಷ್ ನೌಕಾಪಡೆ ಹಡಗಿನ ತಳಕ್ಕೆ ತಾಮ್ರ ಹೊದಿಸುವ ಪ್ರಯೋಗವನ್ನು ಅಲಾರ್ಮ್ ಎಂಬ ಹಡಗಿನ ಮೇಲೆ ಮಾಡಿದ್ದೇ 1761ರಲ್ಲಿ, ಅದು ವ್ಯಾಪಕವಾದದ್ದು 1780ರ ಸುಮಾರಿಗೆ. 1740ರ ದಶಕದ ಹಡಗಿಗೆ ತಾಮ್ರ ಹಚ್ಚಿಕೊಳ್ಳಿ ಎನ್ನುವವರು ಹಡಗುಗಳ ಬಗ್ಗೆ ತಜ್ಞರೆಂದು ಹೇಳಿಕೊಳ್ಳುತ್ತಾರೆ. ಅಲ್ಲದೆ ತೆಳು ತಾಮ್ರದ ಹಾಳೆ ಅಡಿಯ ಏರುತಗ್ಗುಗಳನ್ನು ಮುಚ್ಚುವುದಿಲ್ಲ, ಇನ್ನಷ್ಟು ಎತ್ತಿ ತೋರಿಸುತ್ತದೆ.

ನಿಮ್ಮ ಬಲ್ಕ್‌ಹೆಡ್‌ಗಳಿಗೆ, ಹಲಗೆ ಹೊದಿಸಿದ ಮೇಲೂ ಕಾಣುವ ಜಾಗದಲ್ಲಿ, ನಿಮ್ಮದೇ ಗುರುತು ಹಾಕಿ ಕಳುಹಿಸಿ. ಆ ಗುರುತು ಕಾಣುವಂತೆ ಎರಡೂ ಬದಿಗಳ, ಮೂತಿಯ ಮತ್ತು ಹಿಂಭಾಗದ ವಿಡಿಯೊ ಕೇಳಿ. ಸಾಧ್ಯವಿದ್ದರೆ ಹೋಗಿ ಮುಟ್ಟಿ ನೋಡಿ. ಮೊದಲ ಪದರವನ್ನು ನೋಡುವವರೆಗೆ ಎರಡನೇ ಕಂತು ಕೊಡಲೇಬೇಡಿ, ಯಾರು ಎಷ್ಟೇ ಅವಸರಪಡಿಸಿದರೂ ಕೊಡಬೇಡಿ.

ಅಂಟಿನ ವಿಷಯದಲ್ಲಂತೂ ಬಿಗಿಯಾಗಿರಿ. ಪಿ.ವಿ.ಎ. ಹಾಕಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಸವರಿ ಪಟ್ಟಿಗಳನ್ನು ಬಿಡಿಸಿ ಬಲ್ಕ್‌ಹೆಡ್‌ಗಳನ್ನಾದರೂ ಉಳಿಸಿಕೊಳ್ಳುತ್ತಿದ್ದೆ. ಸೂಪರ್ ಗ್ಲೂಗೆ ಅಸಿಟೋನ್ ಬೇಕು, ಅದು ವಾರ್ನಿಷನ್ನೂ ಕರಗಿಸಿ ಮರಕ್ಕೆಲ್ಲ ಮೆತ್ತುತ್ತದೆ. ಉಳಿದ ವಾಲ್‌ನಟ್ ಪಟ್ಟಿಗಳನ್ನಾದರೂ ಹಿಂದಿರುಗಿಸಿ ಎಂದು ಕೇಳಿದರೆ, "ಅವೆಲ್ಲ ವೇಸ್ಟ್ ಆಯ್ತು ಸರ್" ಎಂದರು. ಅದಾದ ಮೇಲೆ ನನ್ನ ಕರೆಯನ್ನೇ ಎತ್ತುತ್ತಿಲ್ಲ.